ಬೆರಳ ತುದಿಯ ಸಿಡಿಲು

ಭೌತವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಸ್ಥಿರವಿದ್ಯುತ್ತಿನ ಅಧ್ಯಾಯಕ್ಕೆ ಒಂದು ವಿಚಿತ್ರವಾದ ಸ್ಥಾನವಿದೆ. ಗಾಜಿನ ಕಡ್ಡಿ, ರೇಷ್ಮೆಯ ಚೂರು, ಬೆಂಡಿನ ಉಂಡೆ, ಸ್ವರ್ಣಪತ್ರ ವಿದ್ಯುದ್ದರ್ಶಕ, ಇವಿಷ್ಟನ್ನೂ ಒಂದು ಸಲ ಮೆರವಣಿಗೆ ಮಾಡಿಸಿ, ಕೂಲಂಬನ ನಿಯಮವನ್ನು ಬಾಯಿಪಾಠ ಮಾಡಿಸಿ, ನಾಲ್ಕು ಲೆಕ್ಕಗಳನ್ನು ಬಿಡಿಸಿದ ಮೇಲೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಸಮಾಧಾನದ ಉಸಿರುಬಿಟ್ಟು ಪ್ರವಾಹವಿದ್ಯುತ್ತಿನ ಕಡೆಗೆ ನಡೆದುಬಿಡುತ್ತಾರೆ. ಇದು ಹಳೆಯ ಕಾಲದ ಕುತೂಹಲ, ಇಂದಿನ ಯಂತ್ರಯುಗಕ್ಕೆ ಇದರಿಂದ ಆಗಬೇಕಾದುದೇನೂ ಇಲ್ಲ ಎಂಬ ಭಾವನೆ ಎಲ್ಲರಲ್ಲಿಯೂ ಇದೆ. ನಾವೂ ಹಲವು ವರ್ಷ ಹೀಗೆಯೇ ಪಾಠ ಹೇಳಿದವರು. ಈ ಅಭಿಪ್ರಾಯ ತಪ್ಪೆಂದು ನಮಗೆ ತಿಳಿಸಿಕೊಟ್ಟವಳು ನಮ್ಮ ತರಗತಿಯ ಒಬ್ಬ ವಿದ್ಯಾರ್ಥಿನಿ. ಆದರೆ ಅದಕ್ಕಾಗಿ ಆಕೆ ದಂಡ ತೆರಬೇಕಾಯಿತು.

ನಾವು ಕೆಲಸ ಮಾಡುವ ಕಾಲೇಜು ಬಯಲುಸೀಮೆಯ ಒಂದು ಊರಿನಲ್ಲಿದೆ. ಫೆಬ್ರುವರಿ ತಿಂಗಳು. ಗಾಳಿಯಲ್ಲಿ ತೇವವೆಂಬುದು ಹೆಸರಿಗೂ ಇಲ್ಲದೆ ತುಟಿ ಬಿರಿಯುವ ಕಾಲ. ಪದವಿ ತರಗತಿಯವರಿಗೆ ಮಾಸ್‌ಫೆಟ್ ಟ್ರಾನ್ಸಿಸ್ಟರಿನ ಗುಣಲಕ್ಷಣಗಳನ್ನು ಅಳೆಯುವ ಪ್ರಯೋಗ ಕೊಟ್ಟಿದ್ದೆವು. 2ಎನ್7000 ಎಂಬ, ಕೆಲವೇ ರೂಪಾಯಿಗಳಿಗೆ ದೊರೆಯುವ ಸಾಧನ. ಹನ್ನೆರಡನ್ನು ಕೊಂಡುತಂದು, ಕಳೆದುಹೋಗದಿರಲೆಂದು ನಮ್ಮ ಸಹಾಯಕರು ಅವನ್ನು ಅಚ್ಚುಕಟ್ಟಾಗಿ ಒಂದು ಥರ್ಮೊಕೋಲ್ ಹಲಗೆಗೆ ಚುಚ್ಚಿಟ್ಟಿದ್ದರು. ಎರಡು ವಾರಗಳಲ್ಲಿ ಏಳು ಕೆಟ್ಟುಹೋದುವು. ಅವುಗಳಲ್ಲಿ ಮೂರು ಒಬ್ಬಳದೇ ಕೈಯಲ್ಲಿ. ಹೊಗೆಯಿಲ್ಲ, ವಾಸನೆಯಿಲ್ಲ, ಬಿಸಿಯೂ ಇಲ್ಲ. ದ್ವಾರದ ವೋಲ್ಟೇಜನ್ನು ಎಷ್ಟು ಬದಲಿಸಿದರೂ ಪ್ರವಾಹ ಮಾತ್ರ ಇದ್ದಂತೆಯೇ ಇರುತ್ತಿತ್ತು. "ಸರ್, ನಾನು ಇನ್ನೂ ಸಪ್ಲೈ ಆನ್ ಮಾಡಿರಲಿಲ್ಲ, ಬರೀ ಕೈಯಲ್ಲಿ ಹಿಡಿದಿದ್ದೆ" ಎಂದು ಆಕೆ ಹೇಳಿದಳು. ನಾವು ನಂಬಲಿಲ್ಲ. ತಪ್ಪು ಜೋಡಣೆ ಮಾಡಿ ಸುಟ್ಟಿರಬೇಕೆಂದು ನಿಶ್ಚಯಿಸಿ, ಪ್ರಯೋಗಾಲಯದ ನಿಯಮದಂತೆ ನಷ್ಟದ ಹಣವನ್ನು ಆಕೆಯ ಹೆಸರಿಗೆ ಬರೆದೆವು. ಹಣ ಅಲ್ಪ. ಆದರೆ ಸತ್ಯ ಹೇಳಿದವಳ ಹೆಸರು ನಷ್ಟದ ಪುಸ್ತಕದಲ್ಲಿ ಸೇರಿತು, ಸುಳ್ಳು ತೀರ್ಪು ಕೊಟ್ಟವರು ಭೌತವಿಜ್ಞಾನದ ಅಧ್ಯಾಪಕರು.

ಆಕೆ ಪಾಲಿಯೆಸ್ಟರಿನ ದುಪ್ಪಟ್ಟ ಹೊದೆದು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು ಟ್ರಾನ್ಸಿಸ್ಟರನ್ನು ಕಿತ್ತುಕೊಳ್ಳುತ್ತಿದ್ದಳು ಎಂಬುದನ್ನು ನಾವು ಗಮನಿಸಿದ್ದು ಅನಂತರ. ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಅವಶ್ಯ; ವಾಚಕರಲ್ಲಿ ವಿದ್ಯಾರ್ಥಿಗಳಾದವರು ಪೆನ್ಸಿಲು ಹಿಡಿದು ನಮ್ಮೊಡನೆ ಬರಬಹುದು.

ಮನುಷ್ಯದೇಹವು ಒಂದು ವಿದ್ಯುದ್ಧಾರಕ. ಇಂಜಿನಿಯರುಗಳು ಪರೀಕ್ಷೆಗಾಗಿ ಅದನ್ನು 100 ಪಿಕೋಫ್ಯಾರಡಿನ ಧಾರಕವೆಂದೂ, ಅದರಿಂದ ಹೊರಬೀಳುವ ಆವೇಶವು 1500 ಓಮ್ ರೋಧದ ಮೂಲಕ ಹರಿಯುವುದೆಂದೂ ಭಾವಿಸಿಕೊಂಡಿದ್ದಾರೆ. ಇದಕ್ಕೆ 'ಮಾನವದೇಹ ಮಾದರಿ' ಎಂದು ಹೆಸರು. ಒಣಹವೆಯಲ್ಲಿ ಕೃತಕ ನಾರಿನ ಜಮಖಾನದ ಮೇಲೆ ನಡೆದಾಡಿದರೆ ಈ ಧಾರಕದ ವಿಭವವು ಹತ್ತಾರು ಸಾವಿರ ವೋಲ್ಟುಗಳಿಗೆ ಏರಬಹುದು. ಕುರ್ಚಿಯಿಂದ ಎದ್ದುಬಂದವರಲ್ಲಿ ಒಂದೆರಡು ಸಾವಿರ ವೋಲ್ಟು ಇರುವುದು ಸರ್ವಸಾಧಾರಣ. ಆದರೆ ಸುಮಾರು 3000 ವೋಲ್ಟುಗಳಿಗೆ ಕಡಿಮೆಯಾದರೆ ಕಿಡಿ ಹಾರಿದುದು ನಮ್ಮ ಬೆರಳಿಗೇ ಗೊತ್ತಾಗುವುದಿಲ್ಲ! ಎಲ್ಲ ಅನರ್ಥಕ್ಕೂ ಮೂಲ ಇದೇ. ಕೈಗೆ ಅರಿವಾಗದ ಸಿಡಿಲನ್ನು ಕೈ ಹೇಗೆ ತಾನೆ ತಡೆದೀತು?

ಈಗ 1000 ವೋಲ್ಟು ಹೊತ್ತ ಬೆರಳು ಟ್ರಾನ್ಸಿಸ್ಟರಿನ ದ್ವಾರವನ್ನು ಮುಟ್ಟಿತೆನ್ನೋಣ. ದ್ವಾರವೂ ಒಂದು ಪುಟ್ಟ ಧಾರಕವೇ. ಅದರ ಧಾರಕತೆಯನ್ನು 50 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ, ಆವೇಶವು ಎರಡರಲ್ಲಿಯೂ ಹಂಚಿಹೋದ ಮೇಲೆ ದ್ವಾರದ ಮೇಲೆ 667 ವೋಲ್ಟು ನಿಲ್ಲಬೇಕಾಗುತ್ತದೆ. ದ್ವಾರಕ್ಕೂ ಸಿಲಿಕಾನಿಗೂ ನಡುವೆ ಇರುವುದು ಸಿಲಿಕಾನ್ ಡೈಆಕ್ಸೈಡಿನ ಒಂದು ತೆಳುಪೊರೆ ಮಾತ್ರ. ಒಂದು ನ್ಯಾನೊಮೀಟರ್ ದಪ್ಪಕ್ಕೆ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗೆ, ಈ ಪೊರೆ ಸುಮಾರು ಒಂದು ವೋಲ್ಟನ್ನು ತಡೆಯಬಲ್ಲುದು. ನಮ್ಮ ಟ್ರಾನ್ಸಿಸ್ಟರಿನ ದ್ವಾರಕ್ಕೆ ತಯಾರಕರು ವಿಧಿಸಿರುವ ಮಿತಿ 20 ವೋಲ್ಟು. ಕೆಡುವ ವೋಲ್ಟೇಜು ಅದಕ್ಕಿಂತ ಕೆಲವು ಪಟ್ಟು ಹೆಚ್ಚಿದ್ದರೂ 667 ಎಲ್ಲಿ, ಅದೆಲ್ಲಿ! ಪೊರೆಗೆ ರಂಧ್ರ ಬೀಳುತ್ತದೆ. ದ್ವಾರವು ದ್ವಾರವಾಗಿ ಉಳಿಯುವುದಿಲ್ಲ. ವಿದ್ಯಾರ್ಥಿನಿ ಹೇಳಿದುದು ಅಕ್ಷರಶಃ ನಿಜವಾಗಿತ್ತು. ಆಕೆ ಬರೀ ಕೈಯಲ್ಲಿ ಹಿಡಿದಿದ್ದಳು.

1960ರ ದಶಕದಲ್ಲಿ ಇಂಥ ಟ್ರಾನ್ಸಿಸ್ಟರುಗಳು ಮೊದಲು ಮಾರುಕಟ್ಟೆಗೆ ಬಂದಾಗ, ಕೆಲವು ತಯಾರಕರು ಅವುಗಳ ಕಾಲುಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಲೋಹದ ಉಂಗುರವನ್ನು ತೊಡಿಸಿ ಮಾರುತ್ತಿದ್ದುದುಂಟು. ಬೆಸುಗೆ ಹಾಕಿ ಮುಗಿದ ಮೇಲೆ ಉಂಗುರವನ್ನು ತೆಗೆಯಬೇಕು. ಕಾಲುಗಳೆಲ್ಲ ಒಂದೇ ವಿಭವದಲ್ಲಿದ್ದರೆ ಪೊರೆಯ ಮೇಲೆ ಒತ್ತಡವಿಲ್ಲವಷ್ಟೆ. ಮೂರು ಕಾಲಿನ ಸಾಧನಕ್ಕೆ ಇದು ಸಾಕು. ಸಾವಿರಾರು ಸಂಪರ್ಕಬಿಂದುಗಳೂ ಕೋಟ್ಯಂತರ ಟ್ರಾನ್ಸಿಸ್ಟರುಗಳೂ ಇರುವ ಇಂದಿನ ಚಿಪ್‌ಗೆ ಉಂಗುರ ತೊಡಿಸುವವರು ಯಾರು? ಆದುದರಿಂದ ರಕ್ಷಣೆಯನ್ನು ಚಿಪ್ಪಿನ ಒಳಗೇ ರಚಿಸಬೇಕಾಯಿತು. ಈ ರಚನೆಯೇ ಈಗ ಒಂದು ದೊಡ್ಡ ಶಾಸ್ತ್ರವಾಗಿ ಬೆಳೆದಿದೆ.

ನಮ್ಮ ನಾಡಿನ ಕೆರೆಗಳನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸುವುದು ಸುಲಭ. ಏರಿಯನ್ನು ಎಷ್ಟು ಗಟ್ಟಿಯಾಗಿ ಕಟ್ಟಿದರೂ ನಮ್ಮ ಹಿರಿಯರು ಕೋಡಿಯನ್ನು ಬಿಡದೆ ಇರುತ್ತಿರಲಿಲ್ಲ. ಕೋಡಿಯ ಮಟ್ಟ ಏರಿಯ ತಲೆಗಿಂತ ಕೆಳಗಿರಬೇಕು; ಇಲ್ಲವಾದರೆ ಮಹಾಪೂರದಲ್ಲಿ ಏರಿ ಒಡೆಯುತ್ತದೆ. ಹಾಗೆಂದು ತೀರ ಕೆಳಗಿದ್ದರೆ ಕೆರೆಯಲ್ಲಿ ನೀರೇ ನಿಲ್ಲುವುದಿಲ್ಲ. ಚಿಪ್ಪಿನ ವಿಷಯದಲ್ಲಿ ಏರಿಯೆಂದರೆ ಆಕ್ಸೈಡ್ ಪೊರೆ, ನಿತ್ಯದ ನೀರಿನ ಮಟ್ಟವೆಂದರೆ ಚಿಪ್ ಕೆಲಸ ಮಾಡುವ ವೋಲ್ಟೇಜು, ಕೋಡಿಯೆಂದರೆ ರಕ್ಷಣಾಮಂಡಲ. ಹಿಂದೆ ಪೊರೆಯ ದಪ್ಪ 100 ನ್ಯಾನೊಮೀಟರ್ ಇದ್ದಾಗ ನೀರಿನ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಹತ್ತಾರು ವೋಲ್ಟುಗಳ ಅಂತರವಿತ್ತು. ಕೋಡಿಯನ್ನು ಎಲ್ಲಿಟ್ಟರೂ ನಡೆಯುತ್ತಿತ್ತು. ಈಗ ಪೊರೆ ಎರಡು ನ್ಯಾನೊಮೀಟರಿನ ಆಸುಪಾಸಿಗೆ ಇಳಿದಿರುವ ಚಿಪ್‌ಗಳಲ್ಲಿ ಅಂತರವು ಕೆಲವೇ ವೋಲ್ಟುಗಳಷ್ಟು. ಅಷ್ಟರೊಳಗೆ ಕೋಡಿ ತೆರೆಯಬೇಕು, ಪೂರವನ್ನೆಲ್ಲ ಹರಿಸಬೇಕು, ಮತ್ತೆ ಮುಚ್ಚಬೇಕು. ಪೂರವಾದರೂ ಎಷ್ಟು ಹೊತ್ತಿನದು? ಮಾನವದೇಹ ಮಾದರಿಯಲ್ಲಿ ಪ್ರವಾಹವು ಹತ್ತು ನ್ಯಾನೊಸೆಕೆಂಡಿನ ಒಳಗೆ ಶಿಖರಕ್ಕೇರುತ್ತದೆ. 100 ಪಿಕೋಫ್ಯಾರಡನ್ನು 1500 ಓಮಿನಿಂದ ಗುಣಿಸಿದರೆ ದೊರೆಯುವ 150 ನ್ಯಾನೊಸೆಕೆಂಡಿನ ಅಳತೆಯಲ್ಲಿ ಕ್ರಮೇಣ ಇಳಿಯುತ್ತದೆ. ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು. 2000 ವೋಲ್ಟಿನ ದೇಹದಿಂದ ಹೊರಡುವ ಶಿಖರಪ್ರವಾಹ 1.33 ಆಂಪೇರು. ದೇಹದಲ್ಲಿ ಸಂಗ್ರಹವಾಗಿದ್ದ ಶಕ್ತಿಯಾದರೋ 0.2 ಮಿಲಿಜೂಲ್ ಮಾತ್ರ. ಒಂದು ಗ್ರಾಮಿನ ತೂಕವನ್ನು ಎರಡು ಸೆಂಟಿಮೀಟರು ಮೇಲೆತ್ತಿದರೆ ವ್ಯಯವಾಗುವಷ್ಟು. ಅದರಲ್ಲಿಯೂ ಬಹುಪಾಲು ನಮ್ಮ ದೇಹದ ರೋಧದಲ್ಲಿಯೇ ಕರಗಿಹೋಗುತ್ತದೆ. ಉಳಿದ ಅಲ್ಪಾಂಶವೇ ಚಿಪ್ಪನ್ನು ಕೊಲ್ಲಲು ಬೇಕಾದಷ್ಟು.

ಕೋಡಿಗಳಲ್ಲಿ ಅತ್ಯಂತ ಸರಳವಾದುದು ಎರಡು ಡಯೋಡುಗಳ ಜೋಡಿ. ಸಂಕೇತದ ಪ್ರತಿಯೊಂದು ಕಾಲಿನಿಂದಲೂ ಮೇಲಿನ ಧನತಂತಿಗೆ ಒಂದು, ಕೆಳಗಿನ ಭೂತಂತಿಯಿಂದ ಕಾಲಿಗೆ ಇನ್ನೊಂದು. ಸಾಧಾರಣ ಸ್ಥಿತಿಯಲ್ಲಿ ಎರಡೂ ಮುಚ್ಚಿರುತ್ತವೆ. ಕಾಲಿನ ವಿಭವ ಧನತಂತಿಯನ್ನು ಮೀರಿದರೆ ಮೊದಲನೆಯದು ತೆರೆಯುತ್ತದೆ, ಭೂತಂತಿಗಿಂತ ಕೆಳಗಿಳಿದರೆ ಎರಡನೆಯದು. ಆದರೆ ಧನತಂತಿಗೆ ನುಗ್ಗಿದ ಆವೇಶ ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು? ಧನತಂತಿಗೂ ಭೂತಂತಿಗೂ ನಡುವೆ ಒಂದು ದೊಡ್ಡ ಟ್ರಾನ್ಸಿಸ್ಟರನ್ನು ತೂಬಿನ ಕಾವಲುಗಾರನಂತೆ ನಿಲ್ಲಿಸಿರುತ್ತಾರೆ. ಒಂದು ರೋಧ ಮತ್ತು ಒಂದು ಧಾರಕ, ಪದವಿಪೂರ್ವ ತರಗತಿಯಲ್ಲಿಯೇ ಓದುವ ಆರ್‌ಸಿ ಮಂಡಲ, ಈ ಕಾವಲುಗಾರನಿಗೆ ಅಪ್ಪಣೆ ಕೊಡುತ್ತದೆ. ನಾವು ಸ್ವಿಚ್ಚು ಹಾಕಿದಾಗ ಧನತಂತಿಯ ವೋಲ್ಟೇಜು ಏರಲು ಮಿಲಿಸೆಕೆಂಡುಗಳು ಬೇಕು. ಸಿಡಿಲು ಬಡಿದಾಗ ನ್ಯಾನೊಸೆಕೆಂಡುಗಳು ಸಾಕು. ಆರ್‌ಸಿ ಕಾಲವನ್ನು ಇವೆರಡರ ನಡುವೆ, ಸುಮಾರು ಒಂದು ಮೈಕ್ರೊಸೆಕೆಂಡಿನ ಹತ್ತಿರ, ಇಟ್ಟರೆ ಮಂಡಲವು ಮಿತ್ರನಾರು ಶತ್ರುವಾರು ಎಂಬುದನ್ನು ವೇಗದಿಂದಲೇ ಗುರುತಿಸುತ್ತದೆ. ನಮಗಂತೂ ಇದು ಬಹಳ ಸೊಗಸಾದ ಉಪಾಯವಾಗಿ ಕಂಡಿದೆ. ಆರ್‌ಸಿ ಮಂಡಲದ ಪಾಠ ಹೇಳುವಾಗ ಇದನ್ನೊಂದು ಉದಾಹರಣೆಯಾಗಿ ಕೊಟ್ಟರೆ ವಿದ್ಯಾರ್ಥಿಗಳು ಆಕಳಿಸುವುದು ಕಡಿಮೆಯಾಗುವುದೆಂಬುದು ನಮ್ಮ ಅನುಭವ.

ಇನ್ನೊಂದು ಬಗೆಯ ಕೋಡಿಯುಂಟು. ಅದನ್ನು ತಿಳಿಯಬೇಕಾದರೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ನೆನೆಯಬೇಕು. ಶಿಂಷಾ ನದಿಗೆ ಕಟ್ಟಿದ ಆ ಅಣೆಕಟ್ಟಿನಲ್ಲಿ ತಾನಾಗಿ ಕೆಲಸ ಮಾಡುವ ಸೈಫನ್‌ಗಳಿವೆ. ನೀರು ಒಂದು ಮಟ್ಟ ಮುಟ್ಟುವವರೆಗೆ ಸೈಫನ್ ಸುಮ್ಮನಿರುತ್ತದೆ; ಮುಟ್ಟಿ ಮೀರಿ ಒಮ್ಮೆ ಹರಿಯತೊಡಗಿತೆಂದರೆ, ಮಟ್ಟ ಸ್ವಲ್ಪ ಇಳಿದರೂ ನಿಲ್ಲದೆ ಭೋರ್ಗರೆಯುತ್ತ ಹರಿಯುತ್ತದೆ. ಗಾಳಿ ಒಳನುಗ್ಗಿದಾಗಲೇ ಅದಕ್ಕೆ ವಿರಾಮ. ಚಿಪ್ಪಿನಲ್ಲಿ ಪಿ, ಎನ್, ಪಿ, ಎನ್ ಎಂಬ ನಾಲ್ಕು ಪದರಗಳ ಥೈರಿಸ್ಟರ್ ಮಾಡುವುದೂ ಇದನ್ನೇ. ಅದು ತೆರೆಯಲು ಹೆಚ್ಚು ವೋಲ್ಟೇಜು ಬೇಕು. ತೆರೆದ ಮೇಲೆ ಒಂದೆರಡು ವೋಲ್ಟಿನಲ್ಲಿಯೇ ಆಂಪೇರುಗಟ್ಟಲೆ ಹರಿಸಬಲ್ಲುದು. ಸ್ವಲ್ಪ ಸ್ಥಳದಲ್ಲಿ ಬಹಳ ಕೆಲಸ. ಆದರೆ ಎಚ್ಚರ ಬೇಕು. ಹಿಡಿದು ನಿಲ್ಲುವ ಈ ಕೆಳಮಟ್ಟವು ಚಿಪ್ಪಿನ ನಿತ್ಯದ ವೋಲ್ಟೇಜಿಗಿಂತ ಕಡಿಮೆಯಾಯಿತೋ, ಸಿಡಿಲು ಮುಗಿದ ಮೇಲೂ ಸೈಫನ್ ನಿಲ್ಲುವುದಿಲ್ಲ. ವಿದ್ಯುತ್ ಸರಬರಾಜನ್ನೇ ಹೀರುತ್ತ ಚಿಪ್ಪನ್ನು ಕಾಯಿಸಿ ಸುಡುತ್ತದೆ. ಕಾಯಲು ಇಟ್ಟವನೇ ಮನೆ ದೋಚಿದಂತೆ. ಇದನ್ನು ತಪ್ಪಿಸುವುದರಲ್ಲಿ ರಚನಕಾರರ ಜಾಣ್ಮೆಯ ಬಹುಭಾಗ ಖರ್ಚಾಗುತ್ತದೆ.

ಇಷ್ಟೆಲ್ಲ ಇದ್ದ ಮೇಲೆ ಕೋಡಿಯನ್ನು ಇನ್ನೂ ಅಗಲವಾಗಿ ತೋಡಿದರೆ ಆಗದೇ, ಚಿಪ್ಪನ್ನು ಯಾರು ಹೇಗೆ ಮುಟ್ಟಿದರೂ ಕೆಡದಂತೆ ಮಾಡಬಾರದೇ, ಎಂದು ವಾಚಕರು ಕೇಳಬಹುದು. ನಮ್ಮ ಸಹೋದ್ಯೋಗಿಗಳೂ ಇದನ್ನೇ ಕೇಳಿದರು: ತಯಾರಕರ ಜಿಪುಣತನಕ್ಕೆ ವಿದ್ಯಾರ್ಥಿಗಳು ಏಕೆ ಬೆಲೆ ತೆರಬೇಕು? ಪ್ರಶ್ನೆ ನ್ಯಾಯವಾದುದೇ. ಆದರೆ ಉತ್ತರ ಭೌತವಿಜ್ಞಾನದಲ್ಲಿಯೇ ಇದೆ. ದೊಡ್ಡ ಡಯೋಡೆಂದರೆ ದೊಡ್ಡ ಧಾರಕ. ಆಂಟೆನಾದಿಂದ ಬರುವ 10 ಗಿಗಾಹರ್ಟ್ಸ್ ಸಂಕೇತದ ದಾರಿಯಲ್ಲಿ ಒಂದು ಪಿಕೋಫ್ಯಾರಡ್ ಇಟ್ಟರೆ ಅದರ ಪ್ರತಿರೋಧ 16 ಓಮ್ ಮಾತ್ರ. 50 ಓಮಿನ ದಾರಿಯಲ್ಲಿ ಬರುವ ಸಂಕೇತ ಚಿಪ್ಪನ್ನು ಸೇರುವ ಮೊದಲೇ ಅತ್ತ ಸೋರಿಹೋಗುತ್ತದೆ. ಅದನ್ನು 0.2 ಪಿಕೋಫ್ಯಾರಡಿಗೆ ಇಳಿಸಿದರೆ ಪ್ರತಿರೋಧ 80 ಓಮಿಗೆ ಏರಿ ಹೇಗೋ ನಿಭಾಯಿಸಬಹುದು. ಎಂದರೆ, ಸಿಡಿಲಿಗೆ ಬಾಗಿಲನ್ನು ಅಗಲ ಮಾಡಿದಷ್ಟೂ ಸಂಕೇತಕ್ಕೆ ದಾರಿ ಕೆಡುತ್ತದೆ. ಇಂದಿನ ದೂರವಾಣಿಗಳ ವೇಗವನ್ನೂ ಬಂಡೆಯಂಥ ಚಿಪ್ಪನ್ನೂ ಒಟ್ಟಿಗೆ ಬಯಸುವುದು ಸಾಧ್ಯವಿಲ್ಲ.

ಈ ಕಾರಣದಿಂದಲೇ ಉದ್ಯಮದವರು ಕೈಗೊಂಡ ಒಂದು ತೀರ್ಮಾನವನ್ನು ನಾವು ಸಮರ್ಥಿಸುತ್ತೇವೆ. ಬಹುಕಾಲದಿಂದ ಪ್ರತಿಯೊಂದು ಚಿಪ್ಪೂ ಮಾನವದೇಹ ಮಾದರಿಯ 2000 ವೋಲ್ಟನ್ನು ತಡೆದುಕೊಳ್ಳಬೇಕೆಂಬ ರೂಢಿಯಿತ್ತು. ಪ್ರಪಂಚದ ಪ್ರಮುಖ ತಯಾರಕರ ತಜ್ಞರು ಸೇರಿದ ಒಂದು ಮಂಡಳಿ 2007ರಲ್ಲಿ ಇದನ್ನು 1000 ವೋಲ್ಟಿಗೆ ಇಳಿಸಬಹುದೆಂದು ಸಲಹೆಮಾಡಿತು. ಮಾರಾಟವಾದ ನೂರಾರು ಕೋಟಿ ಚಿಪ್‌ಗಳ ಲೆಕ್ಕ ತೆಗೆದು ನೋಡಿದಾಗ, 500 ವೋಲ್ಟು ತಡೆಯುವ ಚಿಪ್‌ಗಳೂ 2000 ವೋಲ್ಟು ತಡೆಯುವ ಚಿಪ್‌ಗಳೂ ಕೆಟ್ಟು ಹಿಂದಿರುಗಿದ ಪ್ರಮಾಣದಲ್ಲಿ ಗಣನೀಯವಾದ ಭೇದ ಕಾಣಲಿಲ್ಲವೆಂಬುದು ಅವರ ಮುಖ್ಯ ಆಧಾರ. ಲೆಕ್ಕ ಹಾಕಿದವರು ತಯಾರಕರೇ ಎಂಬುದನ್ನು ನಾವು ಮರೆಯಬಾರದು. ಆದರೂ ವಾದ ಸರಿಯಾದುದೇ. ಒಳ್ಳೆಯ ಕಾರ್ಖಾನೆಯಲ್ಲಿ ಕೆಲಸಗಾರರ ಮೈಮೇಲೆ 100 ವೋಲ್ಟು ಕೂಡ ನಿಲ್ಲದಂತೆ ವ್ಯವಸ್ಥೆಯಿರುತ್ತದೆ. ಅಲ್ಲಿ 2000 ವೋಲ್ಟಿನ ಕೋಡಿ ಬಾರದ ಪೂರಕ್ಕೆ ಕಟ್ಟಿದ ಕೋಡಿ. ಮುಗಿದ ಯಂತ್ರದ ಹೊರಗಿನ ಕಿಂಡಿಗಳನ್ನು ಬಳಕೆದಾರರು ಮುಟ್ಟುವುದು ಬೇರೆಯೇ ಮಾತು. ಅದಕ್ಕೆ 8000 ವೋಲ್ಟಿನ ಬೇರೆಯ ಪರೀಕ್ಷೆಯೂ, ಚಿಪ್ಪಿನ ಹೊರಗೆ ಫಲಕದ ಮೇಲೆ ಬೇರೆಯ ರಕ್ಷಕ ಡಯೋಡುಗಳೂ ಇವೆ.

ಆದರೆ ಈ ತೀರ್ಮಾನದ ಇನ್ನೊಂದು ಮುಖವನ್ನು ಯಾರೂ ನಮ್ಮ ಕಾಲೇಜುಗಳಿಗೆ ಹೇಳಿದಂತಿಲ್ಲ. ಚಿಪ್ ಹೊರುತ್ತಿದ್ದ ಭಾರವನ್ನು ಇಳಿಸಿದರೆ ಅದು ಕೈಗಳ ಮೇಲೆ ಬೀಳುತ್ತದೆ. ಕಾರ್ಖಾನೆಯ ಕೈಗಳು ತರಬೇತಿ ಪಡೆದಿವೆ. ನಮ್ಮ ವಿದ್ಯಾರ್ಥಿಗಳ ಕೈಗಳು ಪಡೆದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಚಿಪ್ಪಿನ ರಚನೆ ನಮ್ಮ ನಾಡಿನ ಕಸುಬಾಗಿದೆ. ಈ ರಕ್ಷಣಾಮಂಡಲಗಳ ಬಗೆಗೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆದಿದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅರೆವಾಹಕ ಉದ್ಯಮಕ್ಕಾಗಿ 76,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಚಿಪ್‌ಗಳನ್ನು ಜೋಡಿಸುವ, ಪರೀಕ್ಷಿಸುವ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಹೋಗುವವರು ನಮ್ಮ ತರಗತಿಗಳಲ್ಲಿ ಕುಳಿತವರೇ. ಅವರು ಗಾಜಿನ ಕಡ್ಡಿಯನ್ನು ಮಾತ್ರ ಕಂಡು ಹೋಗುತ್ತಿದ್ದಾರೆ.

ಕೈಯನ್ನು ನೆಲಕ್ಕೆ ಕಟ್ಟಿದರೆ ಎಲ್ಲವೂ ಮುಗಿಯಿತೆಂದೂ ಅಲ್ಲ. ಚಿಪ್ ತಾನೇ ಪ್ಲಾಸ್ಟಿಕ್ ಕೊಳವೆಯಲ್ಲಿ ಜಾರುತ್ತ ಬರುವಾಗ ಉಜ್ಜಿ ಆವೇಶ ಪಡೆಯಬಲ್ಲುದು. ಅದರ ಒಂದು ಕಾಲು ಲೋಹವನ್ನು ಮುಟ್ಟಿದೊಡನೆ, ಒಂದು ನ್ಯಾನೊಸೆಕೆಂಡಿನ ಆಸುಪಾಸಿನಲ್ಲಿ, ಕೆಲವು ಆಂಪೇರುಗಳ ಪ್ರವಾಹ ಹೊರಗೆ ಹಾರುತ್ತದೆ. ಇಲ್ಲಿ 1500 ಓಮಿನ ದೇಹ ಅಡ್ಡವಿಲ್ಲ. ಐದು ಆಂಪೇರು ಹರಿಯುವಾಗ ಚಿಪ್ಪಿನ ಒಳಗಿನ ತಂತಿಯ ರೋಧ ಒಂದೇ ಓಮ್ ಇದ್ದರೂ ಅದರ ಮೇಲೆ ಐದು ವೋಲ್ಟು ಬೀಳುತ್ತದೆ. ತೆಳುಪೊರೆಗೆ ಅಷ್ಟೇ ಪ್ರಾಣಾಂತಿಕ. ಯಂತ್ರಗಳೇ ಚಿಪ್ಪನ್ನು ಎತ್ತಿಡುವ ಈ ಕಾಲದಲ್ಲಿ ದೊಡ್ಡ ಶತ್ರು ಇದೇ ಎಂದು ಬಲ್ಲವರ ಮತ. ನಮ್ಮ ಥರ್ಮೊಕೋಲ್ ಹಲಗೆ ಇದರ ಪುಟ್ಟ ರೂಪವೇ. ಥರ್ಮೊಕೋಲ್ ಉತ್ತಮ ಅವಾಹಕ. ಬಟ್ಟೆ ತಗುಲಿದರೆ ಸಾಕು, ಆವೇಶ ಪಡೆದು ಗಂಟೆಗಟ್ಟಲೆ ಹಿಡಿದಿಡುತ್ತದೆ. ಏಳು ಟ್ರಾನ್ಸಿಸ್ಟರುಗಳಲ್ಲಿ ಕೈ ಕೊಂದವೆಷ್ಟು, ಹಲಗೆ ಕೊಂದವೆಷ್ಟು ಎಂದು ಈಗ ವಿಂಗಡಿಸಲಾಗದು.

ನಾವು ಕೇಳುವುದು ಬಹಳವಲ್ಲ. ಹೊಸ ಪಠ್ಯಕ್ರಮ ಬೇಡ, ಹೊಸ ಕಟ್ಟಡ ಬೇಡ. ಸ್ಥಿರವಿದ್ಯುತ್ತಿನ ಅಧ್ಯಾಯದಲ್ಲಿ ಒಂದು ಪ್ರಯೋಗ ಸೇರಲಿ. ಅದೇ 2ಎನ್7000ಕ್ಕೆ ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ರೋಧ, ಒಂದು ಎಲ್‌ಇಡಿ ಜೋಡಿಸಿ, ದ್ವಾರದ ಕಾಲನ್ನು ಬಿಡಿಯಾಗಿ ಬಿಟ್ಟು, ಉಜ್ಜಿದ ಬಾಚಣಿಗೆಯನ್ನು ದೂರದಿಂದ ಹತ್ತಿರ ತಂದರೆ ದೀಪ ಹತ್ತುವುದನ್ನೂ ಆರುವುದನ್ನೂ ಕಾಣಬಹುದು. ಸ್ವರ್ಣಪತ್ರ ವಿದ್ಯುದ್ದರ್ಶಕಕ್ಕಿಂತ ಸೂಕ್ಷ್ಮವಾದ ಈ ಉಪಕರಣದ ಬೆಲೆ ಒಂದು ಮಸಾಲೆದೋಸೆಯ ಬೆಲೆಯನ್ನು ದಾಟಲಿಕ್ಕಿಲ್ಲ. ಬಾಚಣಿಗೆಯನ್ನು ತೀರ ಹತ್ತಿರ ತಂದರೆ ಟ್ರಾನ್ಸಿಸ್ಟರು ಸಾಯುವುದು. ಅದೂ ಪಾಠವೇ, ಒಂದನ್ನು ಬೇಕೆಂದೇ ಬಲಿಕೊಡಬೇಕು.

ಎರಡನೆಯದು ಮಣಿಕಟ್ಟಿನ ಪಟ್ಟಿ. ಅದರ ತಂತಿಯಲ್ಲಿ 10 ಲಕ್ಷ ಓಮಿನ ಒಂದು ರೋಧವಿರುತ್ತದೆ. ಏಕೆ? ಕೈ ಜಾರಿ 230 ವೋಲ್ಟಿನ ತಂತಿಯನ್ನು ಮುಟ್ಟಿದರೂ ದೇಹದ ಮೂಲಕ ಕಾಲು ಮಿಲಿಆಂಪೇರಿಗಿಂತ ಹೆಚ್ಚು ಹರಿಯದಿರಲೆಂದು. ಅಷ್ಟು ದೊಡ್ಡ ರೋಧವಿದ್ದರೆ ಆವೇಶ ಇಳಿಯಲು ತಡವಾಗದೇ? 100 ಪಿಕೋಫ್ಯಾರಡಿಗೆ ಗುಣಿಸಿ ನೋಡಿ: ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು. ಓಮನ ನಿಯಮ, ಧಾರಕತೆ, ಕಾಲಾಂಕ, ಸುರಕ್ಷತೆ, ನಾಲ್ಕೂ ಒಂದು ಪಟ್ಟಿಯಲ್ಲಿ ಕಟ್ಟಿಕೊಂಡಿವೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾವು ಕಂಡಿಲ್ಲ.

ಮಂಗಳೂರಿನ ಕಡೆಯವರು ನಮ್ಮಲ್ಲಿ ಗಾಳಿಯೇ ತೇವ, ಈ ತಾಪತ್ರಯವಿಲ್ಲ ಎನ್ನಬಹುದು. ತೇವದಲ್ಲಿ ಹತ್ತಾರು ಸಾವಿರ ವೋಲ್ಟು ಸಾವಿರ, ಒಂದೂವರೆ ಸಾವಿರಕ್ಕೆ ಇಳಿಯುವುದು ನಿಜ. ಆದರೆ ಆಗ ಕಿಡಿ ಬೆರಳಿಗೆ ತಿಳಿಯುವುದೇ ಇಲ್ಲ, ಪೊರೆಗೆ ಮಾತ್ರ ತಿಳಿಯುತ್ತದೆ.

ನಮ್ಮ ಪ್ರಯೋಗಾಲಯದ ಥರ್ಮೊಕೋಲ್ ಹಲಗೆ ಈಗ ಗಣೇಶನ ಹಬ್ಬದ ಮಂಟಪಕ್ಕೆ ಹೋಗಿದೆ. ಟ್ರಾನ್ಸಿಸ್ಟರುಗಳು ವಿದ್ಯುತ್ತನ್ನು ಹಾಯಗೊಡುವ ಕಪ್ಪು ಸ್ಪಂಜಿನಲ್ಲಿ ನಿಂತಿವೆ. ಮೇಜಿನ ಅಂಚಿಗೆ ಎರಡು ಮಣಿಕಟ್ಟಿನ ಪಟ್ಟಿಗಳು ತೂಗುತ್ತಿವೆ. ಈ ವರ್ಷದ ಫೆಬ್ರುವರಿಯಲ್ಲಿ ಒಂದು ಕೆಟ್ಟಿತು, ಅದನ್ನು ಮಾತ್ರ ನಿಜವಾಗಿಯೇ ತಪ್ಪು ಜೋಡಿಸಿದ್ದರು. ವಿದ್ಯಾರ್ಥಿನಿಯ ಹಣವನ್ನು ಹಿಂದಿರುಗಿಸಿ, ನಷ್ಟದ ಪುಸ್ತಕದಲ್ಲಿ ಆಕೆಯ ಹೆಸರನ್ನು ಹೊಡೆದುಹಾಕಿ ಪಕ್ಕದಲ್ಲಿ ನಮ್ಮ ರುಜು ಮಾಡಿದ್ದೇವೆ. ಕಾರಣ ಬರೆಯುವ ಅಂಕಣದಲ್ಲಿ 'ಸ್ಥಿರವಿದ್ಯುತ್ತು' ಎಂದು ನಮೂದಿಸಿದಾಗ ಗುಮಾಸ್ತರು, ಅಂಥ ನಷ್ಟಕ್ಕೆ ಯಾರ ಹೆಸರಿಗೆ ಬರೆಯಬೇಕೆಂದು ಕೇಳಿದರು. ನಮ್ಮ ಹೆಸರಿಗೆ ಬರೆಯಿರಿ ಎಂದೆವು.